ಬೋರ್ ಹಾಕಲಾಗದ ಸಿಲಿಂಡರು

ಇಂಗ್ಲಿಷಿನ 'ಕ್ಯಾನಾಟ್' ಎದುರಾದಾಗ ಕನ್ನಡದ ಅನುವಾದಕರು ಒಂದು ಗಳಿಗೆ ನಿಲ್ಲಲೇಬೇಕು. 'ಆಗದು', 'ಬಾರದು', 'ಕೂಡದು', 'ಹಾಗಿಲ್ಲ' ಎಂಬ ನಾಲ್ಕೂ ಅದಕ್ಕೆ ಸಲ್ಲುತ್ತವೆ, ಆದರೆ ನಾಲ್ಕರ ತೂಕವೂ ಬೇರೆ. ಕಲ್ಲನ್ನು ಹಲ್ಲಿನಿಂದ ಕಡಿಯಲಾಗದು. ಉಂಡ ಕೂಡಲೇ ಓಡಬಾರದು. ಪರೀಕ್ಷೆಯ ಕೋಣೆಗೆ ಮೊಬೈಲ್ ಒಯ್ಯುವ ಹಾಗಿಲ್ಲ. ಮೊದಲನೆಯದು ವಸ್ತುವಿನ ಗುಣ, ಎರಡನೆಯದು ತಿಳಿದವರ ಬುದ್ಧಿಮಾತು, ಮೂರನೆಯದು ಯಾರೋ ಮಾಡಿದ ನಿಯಮ. ಇಂಗ್ಲಿಷು ಇವನ್ನೆಲ್ಲ ಒಂದೇ ಪದದಲ್ಲಿ ಕಟ್ಟಿ ಕಳಿಸುತ್ತದೆ. ಗಂಟು ಬಿಚ್ಚಿ ಯಾವುದು ಯಾವುದೆಂದು ನೋಡುವ ಕೆಲಸ ನಮ್ಮದು.

ಪುಣೆಯಲ್ಲಿ ಕೂತು ಅನುವಾದ ಮಾಡುವ ನನಗೆ ಬರುವ ಕೆಲಸದಲ್ಲಿ ಅರ್ಧಕ್ಕರ್ಧ ಕಾರ್ಖಾನೆಗಳದ್ದು. ಈಚೆಗೆ ದ್ವಿಚಕ್ರ ವಾಹನದ ಮೆಕ್ಯಾನಿಕ್‌ಗಳ ತರಬೇತಿಗೆಂದು ಒಂದು ಕೈಪಿಡಿ ಬಂತು. ಅದರಲ್ಲೊಂದು ಸಾಲು: ಈ ಸಿಲಿಂಡರನ್ನು ರೀಬೋರ್ ಮಾಡ 'ಕ್ಯಾನಾಟ್', ಬ್ಲಾಕ್ ಬದಲಿಸಿ. ಇಡೀ ಸಾಲಿನಲ್ಲಿ ಕಷ್ಟದ ಪಾರಿಭಾಷಿಕ ಪದವೊಂದೂ ಇಲ್ಲ. ಆದರೂ ಅದನ್ನು ಕನ್ನಡಕ್ಕೆ ತರಲು ನನಗೆ ಒಂದು ವಾರ ಹಿಡಿಯಿತು. ಆ ಸಿಲಿಂಡರು ಅಲ್ಯೂಮಿನಿಯಂನದು, ಸವೆಯದಿರಲೆಂದು ಅದಕ್ಕೆ ಏನೋ ಮಾಡಿದ್ದಾರೆ. ಏನು ಮಾಡಿದ್ದಾರೆಂದು ತಿಳಿಯದೆ ಅದು 'ಆಗದು'ವೋ 'ಬಾರದು'ವೋ ಎಂದು ಹೇಳುವುದು ಹೇಗೆ?

ಈ ಪ್ರಶ್ನೆ ನನ್ನನ್ನು ಇಷ್ಟು ಕಾಡಲು ಇನ್ನೊಂದು ಕಾರಣವೂ ಇದೆ. ನನ್ನ ಸೋದರಮಾವ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಬೋರ್ ಹಾಕಿದವರು. ಬೈಕು ನೀಲಿ ಹೊಗೆ ಬಿಡತೊಡಗಿ, ಆಯಿಲ್ ಕುಡಿಯತೊಡಗಿದಾಗ ಮೆಕ್ಯಾನಿಕ್‌ಗಳು ಸಿಲಿಂಡರ್ ಬಿಚ್ಚಿ ಇವರ ಅಂಗಡಿಗೆ ತರುತ್ತಿದ್ದರು. ಪಿಸ್ಟನ್ನು ಲಕ್ಷಾಂತರ ಸಲ ಮೇಲೆ ಕೆಳಗೆ ಓಡಾಡಿ ಒಳಗೋಡೆ ಅಲ್ಲಲ್ಲಿ ಸವೆದು, ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಮಾವ ಗೇಜ್ ಹಾಕಿ ಅಳೆದು, ಯಂತ್ರಕ್ಕೇರಿಸಿ, ಒಳಗೋಡೆಯನ್ನು ಮತ್ತೆ ದುಂಡಗೆ ಕೊರೆದು, ಹೋನಿಂಗ್ ಕಲ್ಲಿನಿಂದ ಅಡ್ಡಡ್ಡ ಗೀರು ಮೂಡಿಸಿ ಕೊಡುತ್ತಿದ್ದರು. ಆ ಗೀರುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಕೊರೆದ ಮೇಲೆ ತೂತು ದೊಡ್ಡದಾಯಿತಲ್ಲ, ಅದಕ್ಕೆ ತಕ್ಕ ಪಿಸ್ಟನ್ ಅಂಗಡಿಯಲ್ಲಿ ಸಿಗುತ್ತದೆ: 0.25, 0.50, 0.75, 1.00 ಮಿಲಿಮೀಟರ್ ದಪ್ಪದವು. ಹಾಗಾಗಿ ಒಂದು ಸಿಲಿಂಡರಿಗೆ ನಾಲ್ಕು ಪುನರ್ಜನ್ಮ. ಇದೆಲ್ಲ ಸಾಧ್ಯವಾದದ್ದು ಅಲ್ಯೂಮಿನಿಯಂ ಬ್ಲಾಕಿನೊಳಗೆ ಬೀಡಿನ ಒಂದು ಕೊಳವೆ, ಅಂದರೆ ಲೈನರ್, ಇದ್ದದ್ದರಿಂದ. ಸವೆಯುತ್ತಿದ್ದದ್ದೂ ಮಾವ ಕೊರೆಯುತ್ತಿದ್ದದ್ದೂ ಆ ಬೀಡನ್ನೇ.

ಹಾಗಾದರೆ ಇಡೀ ಸಿಲಿಂಡರನ್ನು ಬೀಡಿನಲ್ಲೇ ಯಾಕೆ ಮಾಡಬಾರದು? ಹಿಂದೆ ಮಾಡುತ್ತಿದ್ದರು. ಆದರೆ ಒಂದು ಘನ ಸೆಂಟಿಮೀಟರ್ ಬೀಡು ಸುಮಾರು 7.2 ಗ್ರಾಂ ತೂಗಿದರೆ ಅಷ್ಟೇ ಅಲ್ಯೂಮಿನಿಯಂ 2.7 ಗ್ರಾಂ. ಶಾಖವನ್ನು ಸಾಗಿಸುವುದರಲ್ಲೂ ಅಲ್ಯೂಮಿನಿಯಂ ಮಿಶ್ರಲೋಹ ಬೀಡಿಗಿಂತ ಎರಡು ಮೂರು ಪಟ್ಟು ಚುರುಕು. ಎಂಜಿನ್ ಹಗುರಾಗಬೇಕು, ಬೇಗ ತಣಿಯಬೇಕು ಎನ್ನುವವರಿಗೆ ಬೇರೆ ದಾರಿಯಿಲ್ಲ. ಲೈನರ್ ಅನ್ನೂ ತೆಗೆದುಬಿಟ್ಟರೆ ಇನ್ನಷ್ಟು ತೂಕ ಉಳಿಯುತ್ತದೆ, ಶಾಖವೂ ನೇರವಾಗಿ ಹೊರಗೆ ಹೋಗುತ್ತದೆ. ತೊಡಕು ಒಂದೇ, ಅಲ್ಯೂಮಿನಿಯಂ ಉಜ್ಜಾಟ ತಾಳುವ ಲೋಹವಲ್ಲ.

ಯಾಕೆ ತಾಳುವುದಿಲ್ಲ ಎಂಬುದನ್ನು ಮಾವನೇ ಒಮ್ಮೆ ಫೋನಿನಲ್ಲಿ ಹೇಳಿದರು. "ಬೀಡ ಅಂದ್ರ ಎಣ್ಣಿ ಕುಡದ ಕಬ್ಬಿಣ ತಂಗಿ. ಅಲ್ಯೂಮಿನಿಯಂ ಒಣ ಮಂದಿ. ಒಂದಕ್ಕೊಂದು ತಾಗಿದ್ರ ಹಿಡಕೊಂಡಬಿಡ್ತಾವ." ಪುಸ್ತಕಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಬೀಡಿನೊಳಗೆ ಗ್ರಾಫೈಟಿನ ಎಳೆಗಳಿರುತ್ತವೆ. ಪೆನ್ಸಿಲಿನ ಕಡ್ಡಿಯಲ್ಲಿರುವ ಅದೇ ಗ್ರಾಫೈಟು. ಉಜ್ಜಿದಾಗ ಅದು ಮೇಲ್ಮೈಗೆ ಬಳಿದುಕೊಂಡು ಜಾರುವಂತೆ ಮಾಡುತ್ತದೆ. ಅಲ್ಯೂಮಿನಿಯಂಗೆ ಆ ಭಾಗ್ಯವಿಲ್ಲ. ಅದರ ಮೈಮೇಲೆ ಗಾಳಿಯಿಂದಲೇ ಒಂದು ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ, ನಿಜ. ಆ ಪೊರೆ ಮಾಣಿಕ್ಯ, ನೀಲಮಣಿಗಳ ಮೂಲದ್ರವ್ಯವೇ ಆದ ಅಲ್ಯೂಮಿನಾ. ಆದರೆ ಅದರ ದಪ್ಪ ಕೆಲವೇ ನ್ಯಾನೊಮೀಟರ್, ಕೆಳಗಿನ ಲೋಹವೋ ಮೆತ್ತಗೆ. ಹಾಲಿನ ಮೇಲಿನ ಕೆನೆಯಂತೆ, ಭಾರ ಬಿದ್ದರೆ ಹರಿಯುತ್ತದೆ. ಹರಿದ ಕಡೆ ಬರಿಯ ಲೋಹಕ್ಕೆ ಬರಿಯ ಲೋಹ ಅಂಟಿ, ಕಿತ್ತು ಬರುತ್ತದೆ. ಒಡೆದ ಆಕ್ಸೈಡಿನ ಚೂರುಗಳು ಮರಳಿನಂತೆ ನಡುವೆ ಸಿಕ್ಕಿಕೊಂಡು ಇನ್ನಷ್ಟು ತೇಯುತ್ತವೆ.

1953ರಲ್ಲಿ ಜೆ. ಎಫ್. ಆರ್ಚರ್ಡ್ ಎಂಬ ಬ್ರಿಟಿಷ್ ವಿಜ್ಞಾನಿ ಸವೆತಕ್ಕೊಂದು ಲೆಕ್ಕ ಕೊಟ್ಟರು. ಮೇಲೆ ಬೀಳುವ ಭಾರ ಹೆಚ್ಚಿದಷ್ಟೂ, ಉಜ್ಜಿದ ದೂರ ಹೆಚ್ಚಿದಷ್ಟೂ ಸವೆತ ಹೆಚ್ಚು. ಲೋಹ ಗಡಸಾದಷ್ಟೂ ಕಡಿಮೆ. ಇಷ್ಟನ್ನು ಬೀಸುಕಲ್ಲು ತಿರುಗಿಸಿದ ಯಾರಾದರೂ ಒಪ್ಪುತ್ತಾರೆ. ಆದರೆ ಆ ಸೂತ್ರದಲ್ಲಿ ಇನ್ನೊಂದು ಗುಣಕವಿದೆ. ಯಾವ ಮೇಲ್ಮೈ ಯಾವುದರ ಮೇಲೆ, ಎಣ್ಣೆ ಇದ್ದೋ ಇಲ್ಲದೆಯೋ ಉಜ್ಜುತ್ತಿದೆ ಎಂಬುದಕ್ಕೆ ತಕ್ಕಂತೆ ಅದು ಬದಲಾಗುತ್ತದೆ, ಅದೂ ಸಾವಿರಾರು ಪಟ್ಟು. ಹೀಗಾಗಿ 'ಈ ಲೋಹ ಸವೆಯುವುದಿಲ್ಲ' ಎನ್ನುವ ಮಾತು ಅರ್ಧ ವಾಕ್ಯ. ಯಾವುದರ ಜೊತೆ ಎಂದು ಹೇಳದೆ ಅದು ಪೂರ್ತಿಯಾಗುವುದಿಲ್ಲ. ಭಾಷಾಶಾಸ್ತ್ರದವರ ಮಾತಿನಲ್ಲಿ ಹೇಳುವುದಾದರೆ ಸವೆತ ಸಕರ್ಮಕವೂ ಅಲ್ಲ ಅಕರ್ಮಕವೂ ಅಲ್ಲ, 'ಜಗಳಾಡು', 'ಮದುವೆಯಾಗು' ಎಂಬಂತೆ ಇಬ್ಬರನ್ನು ಬೇಡುವ ಕ್ರಿಯಾಪದ. ಈ ಉಜ್ಜಾಟದ ಶಾಸ್ತ್ರಕ್ಕೆ 'ಟ್ರೈಬಾಲಜಿ' ಎಂಬ ಹೆಸರು ಬಳಕೆಗೆ ಬಂದದ್ದು 1966ರಲ್ಲಿ, ಪೀಟರ್ ಜೋಸ್ಟ್ ಬ್ರಿಟನ್ ಸರ್ಕಾರಕ್ಕೆ ಕೊಟ್ಟ ವರದಿಯೊಂದಿಗೆ. ಗ್ರೀಕಿನಲ್ಲಿ ಅದರ ಮೂಲಕ್ಕೆ ಉಜ್ಜು ಎಂದೇ ಅರ್ಥ.

ನಮ್ಮ ಭಾಷೆಗಳಲ್ಲಿ ಈ ಕೆಲಸಕ್ಕೆ ಎಷ್ಟೊಂದು ಪದಗಳಿವೆ! ಗಂಧ ತೇಯುತ್ತೇವೆ, ಚಪ್ಪಲಿ ಸವೆಯುತ್ತದೆ, ಲೆಕ್ಕಪತ್ರದಲ್ಲಿ ಯಂತ್ರದ ಬೆಲೆಗೆ ಸವಕಳಿ ಕಳೆಯುತ್ತೇವೆ. ಚೆನ್ನೈನಲ್ಲಿರುವವರು 'ತೇಯ್ಮಾನಂ' ಕೇಳಿರುತ್ತೀರಿ, ಅದು ನಮ್ಮ 'ತೇಯು'ವಿನ ನೆಂಟ. ಇಲ್ಲಿ ಮರಾಠಿಯಲ್ಲಿ 'ಝೀಜ'. ಹೈದರಾಬಾದಿನಲ್ಲಿ ಕೇಳುವ 'ಅರುಗುದಲ' ನನಗೆ ಎಲ್ಲಕ್ಕಿಂತ ಇಷ್ಟ. ತೆಲುಗಿನ 'ಅರುಗು' ಎಂದರೆ ಸವೆಯುವುದೂ ಹೌದು, ಉಂಡದ್ದು ಕರಗುವುದೂ ಹೌದು. ಕನ್ನಡದ 'ಅರಗು' ಹೊಟ್ಟೆಯ ಅರ್ಥವನ್ನು ಉಳಿಸಿಕೊಂಡಿದೆ. ಸಂಸ್ಕೃತದ 'ಜೀರ್ಣ'ವೂ ಹಾಗೆಯೇ. ಉಂಡದ್ದು ಜೀರ್ಣವಾಗುತ್ತದೆ, ಹಳೆಯ ಗುಡಿಯೂ ಜೀರ್ಣವಾಗುತ್ತದೆ. ಆದರೆ ಗುಡಿಗೆ ಜೀರ್ಣೋದ್ಧಾರ ಎಂಬ ಪದವನ್ನೂ ನಾವು ಇಟ್ಟುಕೊಂಡಿದ್ದೇವೆ. ಮಾವನ ಅಂಗಡಿಯಲ್ಲಿ ನಡೆಯುತ್ತಿದ್ದದ್ದು ಅದೇ.

ಅಲ್ಯೂಮಿನಿಯಂ ಸವೆಯದಂತೆ ಮಾಡಲು ಹೊರಟವರು ಮುಖ್ಯವಾಗಿ ಮೂರು ದಾರಿ ಹಿಡಿದರು.

ಮೊದಲನೆಯದು ಸಿಲಿಕಾನ್. ಅಲ್ಯೂಮಿನಿಯಂಗೆ ಸುಮಾರು 12.6 ಶೇಕಡಾ ಸಿಲಿಕಾನ್ ಸೇರಿಸಿದರೆ ಎರಡೂ ಒಟ್ಟಿಗೆ 577 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತವೆ. ಅದಕ್ಕಿಂತ ಹೆಚ್ಚು ಹಾಕಿದರೆ, ಲೋಹ ತಣಿಯುವಾಗ ಮೊದಲು ಸಿಲಿಕಾನಿನ ಹರಳುಗಳು ಬೇರೆಯಾಗಿ ಮೂಡುತ್ತವೆ. ಅವು ಬಲು ಗಡಸು. ಲೋಣಾವಳದ ಶೇಂಗಾ ಚಿಕ್ಕಿಯನ್ನು ನೆನಪಿಸಿಕೊಳ್ಳಿ. ಬೆಲ್ಲ ಅಲ್ಯೂಮಿನಿಯಂ, ಶೇಂಗಾ ಸಿಲಿಕಾನ್. ಮೇಲಿನ ಬೆಲ್ಲವನ್ನು ಒಂದಿಷ್ಟು ನೆಕ್ಕಿ ತೆಗೆದರೆ ಶೇಂಗಾ ಉಬ್ಬಿ ನಿಲ್ಲುತ್ತದೆ. ಸಿಲಿಂಡರಿನ ಒಳಗೋಡೆಯಲ್ಲೂ ಮೇಲಿನ ಅಲ್ಯೂಮಿನಿಯಂ ಅನ್ನು ಕೂದಲೆಳೆಗಿಂತ ಎಷ್ಟೋ ತೆಳ್ಳಗೆ ತೆಗೆಯುತ್ತಾರೆ. ಪಿಸ್ಟನ್ನಿನ ಉಂಗುರ ಹರಳುಗಳ ನೆತ್ತಿಯ ಮೇಲೆ ಜಾರುತ್ತದೆ, ನಡುವಿನ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಹರಳುಗಳು ದಪ್ಪದಪ್ಪ ಆದರೆ ಉದುರುತ್ತವೆ. ಅವು ಸಣ್ಣಗೆ, ಸಮನಾಗಿ ಹರಡಲೆಂದು ಕರಗಿದ ಲೋಹಕ್ಕೆ ಚೂರು ರಂಜಕ ಹಾಕುತ್ತಾರೆ.

1970ರಲ್ಲಿ ಅಮೆರಿಕದ ಷೆವರ್ಲೆ ವೇಗಾ ಕಾರು ಇಂಥದೇ ಲೋಹದ, ಸುಮಾರು 17 ಶೇಕಡಾ ಸಿಲಿಕಾನಿನ, ಲೈನರ್ ಇಲ್ಲದ ಎಂಜಿನ್ನಿನೊಂದಿಗೆ ಬಂತು. ಜೋಡಿಯ ನಿಯಮ ಇಲ್ಲೂ ಬಿಡಲಿಲ್ಲ, ಅಲ್ಯೂಮಿನಿಯಂ ಗೋಡೆಗೆ ಅಲ್ಯೂಮಿನಿಯಂ ಪಿಸ್ಟನ್ ಹಿಡಿದುಕೊಳ್ಳದಿರಲೆಂದು ಪಿಸ್ಟನ್ನಿಗೆ ಕಬ್ಬಿಣದ ಲೇಪ ಕೊಟ್ಟರು. ಆ ಕಾರು ಕಾದು ಕೆಡುವುದಕ್ಕೆ, ಆಯಿಲ್ ಕುಡಿಯುವುದಕ್ಕೆ ಹೆಸರಾಯಿತು. ಆದರೂ ವಿದ್ಯೆ ಸಾಯಲಿಲ್ಲ. 1970ರ ದಶಕದ ಕೊನೆಗೆ ಬಂದ ಪೋರ್ಷೆ 928ರ ಎಂಜಿನ್ನಿನಲ್ಲಿ ಅದೇ ಬಗೆಯ ಲೋಹ ಗೆದ್ದಿತು. ನಮ್ಮ ರಸ್ತೆಗಳಿಗೂ ಬಂತು. 2008ರಲ್ಲಿ ಭಾರತಕ್ಕೆ ಬಂದ ಯಮಹಾ ಆರ್15 ಬೈಕಿನ ಸಿಲಿಂಡರು ಸುಮಾರು 20 ಶೇಕಡಾ ಸಿಲಿಕಾನಿನದು, ಒಳಗೆ ಲೈನರ್ ಇಲ್ಲ.

ಎರಡನೆಯ ದಾರಿ ಮೇಲ್ಮೈಗೆ ಕವಚ ತೊಡಿಸುವುದು. ಇದರ ಸರಳ ರೂಪ ನಿಮ್ಮ ಅಡುಗೆಮನೆಯಲ್ಲೇ ಇರಬಹುದು. ಅಜ್ಜಿಯ ಕಾಲದ 'ಜರ್ಮನ್' ಪಾತ್ರೆಯೂ, ಡಬ್ಬಿಯ ಮೇಲೆ 'ಹಾರ್ಡ್ ಅನೊಡೈಸ್ಡ್' ಎಂದು ಬರೆದ ಇಂದಿನ ಕಪ್ಪು ಕಡಾಯಿಯೂ ಅಲ್ಯೂಮಿನಿಯಂ ಕುಲದವೇ. ಸೊನ್ನೆ ಡಿಗ್ರಿಯ ಆಸುಪಾಸು ತಣ್ಣಗಿಟ್ಟ ಗಂಧಕಾಮ್ಲದಲ್ಲಿ ಅದ್ದಿ ವಿದ್ಯುತ್ ಹಾಯಿಸಿದರೆ, ಆ ತೆಳು ಆಕ್ಸೈಡ್ ಪೊರೆ ಬೆಳೆದು 25ರಿಂದ 50 ಮೈಕ್ರಾನ್‌ನಷ್ಟು ದಪ್ಪವಾಗುತ್ತದೆ. ಆಮ್ಲ ಬೆಚ್ಚಗಾದರೆ ಕಟ್ಟಿದ ಪೊರೆಯನ್ನು ತಾನೇ ಕರಗಿಸಿಬಿಡುತ್ತದೆ, ಅದಕ್ಕೇ ಆ ತಣ್ಪು. ಬಣ್ಣ ಬಳಿದ ಹಾಗೆ ಇದು ಮೇಲಿಂದ ಕೂರುವುದಿಲ್ಲ. ಅರ್ಧ ಒಳಕ್ಕೆ ಅರ್ಧ ಹೊರಕ್ಕೆ ಬೆಳೆಯುತ್ತದೆ, ಲೋಹವೇ ಕವಚವಾಗುತ್ತದೆ. ಅಲ್ಯೂಮಿನಾದಿಂದ ಬಂದ ಲೋಹವನ್ನು ಮೈಯಷ್ಟು ಮಟ್ಟಿಗೆ ಮತ್ತೆ ಅಲ್ಯೂಮಿನಾ ಮಾಡಿದಂತೆ. ಪಿಸ್ಟನ್ನಿನ ಉಂಗುರ ಕೂರುವ ಗಾಡಿಗೂ ಇದೇ ಉಪಚಾರ ಮಾಡುವುದುಂಟು.

ಸಿಲಿಂಡರಿಗೆ ಹೆಸರಾದ ಕವಚ ಇನ್ನೊಂದು, ನಿಕಾಸಿಲ್. ಜರ್ಮನಿಯ ಮಾಹ್ಲೆ ಕಂಪನಿ 1967ರಲ್ಲಿ ತಂದದ್ದು. ನಿಕ್ಕಲ್ ಲೇಪದೊಳಗೆ ಸಿಲಿಕಾನ್ ಕಾರ್ಬೈಡಿನ ಪುಡಿ ಹುದುಗಿರುತ್ತದೆ. ಸಾಣೆಕಲ್ಲಿಗೆ ಬಳಸುವ ಅದೇ ಪುಡಿ. ನಮ್ಮ ಚಾಕಣದಲ್ಲಿ ತಯಾರಾಗುವ ಕೆಟಿಎಂ 390 ಬೈಕಿನ ಸಿಲಿಂಡರಿಗೆ ಇಂಥ ಲೇಪವಿದೆ. ಇದಕ್ಕೂ ತನ್ನದೇ ಶತ್ರುವಿದೆ. 1990ರ ದಶಕದಲ್ಲಿ ಗಂಧಕ ಹೆಚ್ಚಿದ್ದ ಪೆಟ್ರೋಲು ಕುಡಿದ ಹಲವು ಬಿಎಂಡಬ್ಲ್ಯು ಎಂಜಿನ್ನುಗಳಲ್ಲಿ ನಿಕಾಸಿಲ್ ಹಾಳಾಯಿತು, ಕಂಪನಿ ಆ ಲೇಪವನ್ನು ಕೈಬಿಟ್ಟಿತು. ಉಜ್ಜಾಟಕ್ಕೆ ಜಗ್ಗದ್ದು ಆಮ್ಲಕ್ಕೆ ಜಗ್ಗಿತು. ಭಾರತದಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ಪೆಟ್ರೋಲು ಬಂದು, ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿದಿದೆ. ಸಿಲಿಂಡರಿನ ಬಾಳಿಕೆಯನ್ನು ಮೆಕ್ಯಾನಿಕ್ ಮಾತ್ರವಲ್ಲ, ತೈಲ ಶುದ್ಧೀಕರಣ ಘಟಕವೂ ನಿರ್ಧರಿಸುತ್ತದೆ.

ಮೂರನೆಯದು ಲೋಹಕ್ಕೆ ಲೋಹವಲ್ಲದ್ದನ್ನು ಬೆರೆಸುವುದು. ಇದರ ಕಥೆಯಲ್ಲಿ ಬೆಂಗಳೂರು ಇದೆ. ಬೀಡಿಗೆ ಗ್ರಾಫೈಟ್ ಹುಟ್ಟಿನಿಂದಲೇ ಬಂದದ್ದು, ಅಲ್ಯೂಮಿನಿಯಂಗೆ ನಾವೇ ಕೊಟ್ಟರೇನು ಎಂದು 1960ರ ದಶಕದಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಪ್ರದೀಪ್ ರೋಹಟ್ಗಿ ಪ್ರಯತ್ನಿಸಿದರು. ಕರಗಿದ ಅಲ್ಯೂಮಿನಿಯಂ ಗ್ರಾಫೈಟನ್ನು ಒದ್ದೆ ಮಾಡುವುದಿಲ್ಲ. ಕೆಸುವಿನೆಲೆಯ ಮೇಲಿನ ನೀರಿನಂತೆ ಅದನ್ನು ದೂರ ಇಡುತ್ತದೆ. ಅದಕ್ಕೆ ಗ್ರಾಫೈಟಿನ ಕಣಗಳಿಗೆ ನಿಕ್ಕಲ್ ಅಂಗಿ ತೊಡಿಸಿ ಒಳಗೆ ಕಳಿಸಿದರು. ಆಮೇಲೆ ರೋಹಟ್ಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು, ಮುಂದೆ ತಿರುವನಂತಪುರ ಮತ್ತು ಭೋಪಾಲದ ಪ್ರಾದೇಶಿಕ ಸಂಶೋಧನಾಲಯಗಳ ನಿರ್ದೇಶಕರಾದರು. ಅವರೊಂದಿಗೆ ಈ ಬಗೆಯ ಸಂಶೋಧನೆ ಮಾಡಿದವರಲ್ಲಿ ಎಂ. ಕೆ. ಸೂರಪ್ಪ ಒಬ್ಬರು. ರೋಪರ್ ಐಐಟಿಯ ಮೊದಲ ನಿರ್ದೇಶಕರಾಗಿ, ಆಮೇಲೆ ಅಣ್ಣಾ ವಿಶ್ವವಿದ್ಯಾಲಯದ ಕುಲಪತಿಯಾಗಿ ಚೆನ್ನೈನ ಓದುಗರಿಗೆ ಅವರ ಹೆಸರು ಗೊತ್ತಿರುತ್ತದೆ. ಕರಗಿದ ಲೋಹವನ್ನು ಸುಳಿಯೆಬ್ಬಿಸಿ ತಿರುವುತ್ತ ಅಲ್ಯೂಮಿನಾ, ಸಿಲಿಕಾನ್ ಕಾರ್ಬೈಡ್ ಪುಡಿ ಬೆರೆಸುವ ಈ ವಿಧಾನಕ್ಕೆ ದುಬಾರಿ ಯಂತ್ರ ಬೇಡ, ಅದಕ್ಕೇ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟುಗಳಲ್ಲಿ ಇದು ಮೇಲಿಂದ ಮೇಲೆ ಕಾಣಿಸುತ್ತದೆ. ಕೈ ಮಾತ್ರ ಪಳಗಿರಬೇಕು. ಝುಣಕ ಮಾಡುವಾಗ ಹಿಟ್ಟು ಸುರಿದು ಕೈ ನಿಲ್ಲಿಸಿದರೆ ಗಂಟಾಗುತ್ತದಲ್ಲ, ಇಲ್ಲೂ ಹಾಗೆಯೇ. ಪುಡಿ ಗಂಟುಗಟ್ಟಿದ ಕಡೆ ಲೋಹ ಬಿರುಕು ಬಿಡುತ್ತದೆ.

ಈ ಮೂರೂ ದಾರಿಗಳನ್ನು ಓದುತ್ತ ಹೋದಂತೆ ಒಂದು ಮಾತು ಸ್ಪಷ್ಟವಾಯಿತು. ಸವೆತವನ್ನು ಯಾರೂ ಇಲ್ಲವಾಗಿಸಿಲ್ಲ, ಬೇರೆ ಕಡೆ ಸಾಗಿಸಿದ್ದಾರೆ. ಸಿಲಿಕಾನ್ ಕಾರ್ಬೈಡ್ ಬೆರೆಸಿದ ಭಾಗ ಸವೆಯುವುದಿಲ್ಲ, ಆದರೆ ಅದನ್ನು ಕಡೆಯುವ ಉಳಿ ಬೇಗ ಸವೆಯುತ್ತದೆ, ವಜ್ರದ ಉಳಿಯೇ ಬೇಕಾಗುತ್ತದೆ. ಗೋಡೆ ಗಡಸಾದರೆ ಉಂಗುರಕ್ಕೆ ಹೊಸ ಲೇಪ ಬೇಕು. ಸಿಲಿಂಡರು ಲಕ್ಷ ಕಿಲೋಮೀಟರ್ ತಾಳಿದರೆ ಸವೆಯುವುದು ಬೋರ್ ಹಾಕುವವನ ಅಂಗಡಿ. ಇದರಲ್ಲಿ ಅನ್ಯಾಯವಾಯಿತೆಂದು ದೂರಲು ನನಗೆ ಮನಸ್ಸಿಲ್ಲ. ಕಡಿಮೆ ಪೆಟ್ರೋಲು, ಕಡಿಮೆ ಹೊಗೆ, ಬಿಚ್ಚದೆ ವರ್ಷಗಟ್ಟಲೆ ಓಡುವ ಗಾಡಿ ಯಾರಿಗೆ ಬೇಡ? ನಮ್ಮ ಮನೆಯ ಗಾಡಿಯೂ ಹಾಗೇ ಓಡಲಿ ಎಂದೇ ನನ್ನ ಆಸೆ. ಆದರೆ ಲೆಕ್ಕ ಬರೆಯುವಾಗ ಎರಡೂ ಬದಿ ಬರೆಯಬೇಕು.

ಇನ್ನು ಆ 'ಕ್ಯಾನಾಟ್'. ನಿಕಾಸಿಲ್ ಲೇಪದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಮಾವನ ಮೊದಲ ಓವರ್‌ಸೈಜ್ 0.25 ಮಿಲಿಮೀಟರ್, ಅಂದರೆ ಒಂದೊಂದು ಬದಿಗೆ 0.125. ಅಷ್ಟು ಕೊರೆದರೆ ಕವಚವೆಲ್ಲ ಹೋಗಿ ಕೆಳಗಿನ ಮೆತ್ತನೆಯ ಲೋಹ ತೆರೆದುಕೊಳ್ಳುತ್ತದೆ. ಹಾಗಾಗಿ ಇಲ್ಲಿ 'ಬಾರದು'. ಹೆಚ್ಚು ಸಿಲಿಕಾನಿನ ಸಿಲಿಂಡರಿನ ವಿಷಯ ಬೇರೆ. ಅದರ ಹರಳುಗಳು ಗೋಡೆಯ ಇಡೀ ದಪ್ಪದಲ್ಲಿ ತುಂಬಿವೆ, ಎಷ್ಟು ಕೊರೆದರೂ ಚಿಕ್ಕಿ ಚಿಕ್ಕಿಯೇ. ವಜ್ರದ ಹೋನಿಂಗ್ ಮಾಡಿ, ಹರಳುಗಳನ್ನು ಮತ್ತೆ ಉಬ್ಬಿಸುವ ಕೊನೆಯ ಹಂತವನ್ನು ಸರಿಯಾಗಿ ಮಾಡಿದರೆ ಅದನ್ನು ಬೋರ್ ಹಾಕಬಹುದು. ಇಂಥ ಲೋಹದ ಹಳೆಯ ಪೋರ್ಷೆ ಎಂಜಿನ್ನುಗಳಿಗೆ ಹೊರದೇಶಗಳಲ್ಲಿ ಅದನ್ನು ಮಾಡುವ ಅಂಗಡಿಗಳಿವೆ. ನಿಕಾಸಿಲ್ ಹೋದ ಸಿಲಿಂಡರಿಗೆ ಹೊಸದಾಗಿ ಲೇಪ ಕೊಡುವುದೂ ಯುರೋಪ್, ಅಮೆರಿಕಗಳಲ್ಲಿ ಒಂದು ಕಸುಬೇ. ಇಲ್ಲಿ ಅಳತೆ ಮೀರಿದ ಪಿಸ್ಟನ್ ಸಿಗುವುದಿಲ್ಲ, ಆ ಯಂತ್ರ ಹುಬ್ಬಳ್ಳಿಯ ಅಂಗಡಿಯಲ್ಲಿಲ್ಲ, ಕಂಪನಿಗೆ ಹೊಸ ಬ್ಲಾಕ್ ಮಾರುವುದು ಸುಲಭ. ಅಂದರೆ ಇದು 'ಆಗದು' ಅಲ್ಲ, 'ಹಾಗಿಲ್ಲ'. ಸವೆತ ಹೇಗೆ ಒಂದು ಲೋಹದ ಗುಣವಲ್ಲವೋ ರಿಪೇರಿಯೂ ಹಾಗೆಯೇ. ಸುತ್ತ ಯಾರಿದ್ದಾರೆ, ಏನು ಸಿಗುತ್ತದೆ ಎನ್ನುವುದರ ಮೇಲೆ ಅದು ನಿಂತಿದೆ.

ಮಾವನಿಗೆ ಫೋನ್ ಮಾಡಿ ಈ ಮೂರು ಪದಗಳನ್ನು ಮುಂದಿಟ್ಟೆ. "ಆಗೂದಿಲ್ಲ ಅಂತ ಬರೀಬ್ಯಾಡ. ಆಗೂದಿಲ್ಲ ಅಂದ್ರ ನಮ್ಮ ಹುಡುಗ್ರು ಮಾಡಿ ತೋರಸ್ತಾರ. ಯಾಕ ಮಾಡಬಾರದು ಅಂತ ಬರಿ," ಅಂದರು. ಅವರು ಹೇಳಿದ್ದು ಊಹೆಯಲ್ಲ. ಇಂಥ ಸಿಲಿಂಡರು ಬಂದಾಗ ಪೇಟೆಯಲ್ಲಿ ಅದನ್ನು ಅಗಲವಾಗಿ ಕೊರೆದು ಒಳಗೊಂದು ಬೀಡಿನ ಸ್ಲೀವ್ ಬಡಿದು ಕೊಡುತ್ತಾರೆ, ಮಾವನೂ ಕೊಟ್ಟಿದ್ದಾರೆ. ಗಾಡಿ ಓಡುತ್ತದೆ. ಆದರೆ ಕಾದಾಗ ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸ್ಲೀವಿನ ಹಿಡಿತ ಸಡಿಲವಾದರೆ ಶಾಖ ಹೊರಹೋಗುವ ದಾರಿ ಕಟ್ಟುತ್ತದೆ, ಹೆದ್ದಾರಿಯ ವೇಗದಲ್ಲಿ ಪಿಸ್ಟನ್ ಹಿಡಿದುಕೊಂಡರೆ ಹಿಂದಿನ ಚಕ್ರ ನಿಂತುಬಿಡಬಹುದು. ಎಷ್ಟು ಬಿಗಿಯಾಗಿ ಕೂರಿಸಬೇಕು ಎಂಬ ಲೆಕ್ಕ ಬಲ್ಲವನು ಮಾಡುವ ಸ್ಲೀವಿಗೂ ಬಲ್ಲದವನು ಬಡಿಯುವುದಕ್ಕೂ ಅಂತರ ಇರುವುದು ಇಲ್ಲೇ.

ಹಾಗಾಗಿ ನಾನು 'ಬೋರ್ ಹಾಕಬಾರದು' ಎಂದು ಬರೆದು, ಕೆಳಗೆ ಮೂರು ಸಾಲು ಸೇರಿಸಿ ಕಳಿಸಿದೆ. ಗೋಡೆ ಯಾತರದು, ಕೊರೆದರೆ ಏನಾಗುತ್ತದೆ, ಸ್ಲೀವ್ ಹಾಕಿದರೆ ಏನು ಅಪಾಯ ಎಂದು ಒಂದೊಂದು ಸಾಲು. ಮೂಲದಲ್ಲಿ ಇಲ್ಲದ್ದನ್ನು ಸೇರಿಸುವುದು ಅನುವಾದಕರ ಧರ್ಮವಲ್ಲವೆಂದು ಬಲ್ಲೆ, ಅದಕ್ಕೇ ಅವನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಬೇಡವಾದರೆ ತೆಗೆಯಿರಿ ಎಂದು ಟಿಪ್ಪಣಿ ಬರೆದೆ. ಅಚ್ಚಾದ ಪ್ರತಿಯಲ್ಲಿ ಒಂದು ಸಾಲು ಉಳಿಯಿತು, ಕೊರೆದರೆ ಏನಾಗುತ್ತದೆ ಎನ್ನುವುದು. ಉಳಿದೆರಡಕ್ಕೆ ಜಾಗವಿಲ್ಲವೆಂದರು. ಒಂದಾದರೂ ಉಳಿದದ್ದು ನನಗೆ ಸಮಾಧಾನ. ಕಾರಣ ಗೊತ್ತಿರುವವನು ಇನ್ನೊಂದು ದಾರಿಯನ್ನು ತಾನೇ ಹುಡುಕುತ್ತಾನೆ.

ಮಾವನ ಅಂಗಡಿ ಈಗಲೂ ಇದೆ. ಬೀಡಿನ ಲೈನರ್ ಇರುವ ಕಮ್ಯೂಟರ್ ಬೈಕುಗಳು ಇನ್ನೂ ಲೆಕ್ಕವಿಲ್ಲದಷ್ಟು ಓಡುತ್ತಿವೆ, ಆಟೋಗಳಿವೆ, ಟ್ರ್ಯಾಕ್ಟರಿನ ಲೈನರ್ ಬದಲಿಸುವ ಕೆಲಸ ಸುಗ್ಗಿಯ ಮುಂಚೆ ಬರುತ್ತದೆ. ಕೈಪಿಡಿಯ ಕೆಲಸ ಮುಗಿದ ಮೇಲೆ ಅವರೇ ಫೋನ್ ಮಾಡಿದ್ದರು. ವಜ್ರದ ಹೋನಿಂಗ್ ಕಲ್ಲು ಪುಣೆಯಲ್ಲಿ ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು ಎಂದು ವಿಚಾರಿಸಿ ಹೇಳಬೇಕಂತೆ. ಭೋಸರಿಯ ಎರಡು ಅಂಗಡಿಗಳಲ್ಲಿ ಕೇಳಿದ್ದೇನೆ, ದರಪಟ್ಟಿ ಬರಬೇಕು.